ಮ್ಯಾಡ್ರಿನ್ನಿನ ಜಮೀನ್ದಾರ: ವೇಲ್ಸಿನ ಒಬ್ಬ ಅಪ್ರಸಿದ್ಧ ರಾಜಕಾರಣಿಯ ಜೀವನ ವಿಚಾರ

ದಕ್ಷಿಣ ಅಮೆರಿಕದ ಭೂಪಟದಲ್ಲಿ, ಅರ್ಜೆಂಟೀನಾ ದೇಶದ ದಕ್ಷಿಣ ಕರಾವಳಿಯಲ್ಲಿ, ಪ್ವೆರ್ಟೊ ಮ್ಯಾಡ್ರಿನ್ ಎಂಬ ರೇವುಪಟ್ಟಣವನ್ನು ಕಾಣುತ್ತೇವೆ. ಈ ಹೆಸರಿನ ಮೊದಲ ಭಾಗವು ಸ್ಪ್ಯಾನಿಷ್ ಭಾಷೆಯದು. ರೇವು ಎಂದು ಅದರ ಅರ್ಥ. ಎರಡನೆಯ ಭಾಗವು ಸ್ಪ್ಯಾನಿಷ್ ಭಾಷೆಯದಲ್ಲ, ಆ ಸೀಮೆಯ ಮೂಲನಿವಾಸಿಗಳ ಭಾಷೆಯದೂ ಅಲ್ಲ. ಅದು ಅಲ್ಲಿಂದ ಸಾವಿರಾರು ಮೈಲಿ ದೂರದ ವೇಲ್ಸ್ ನಾಡಿನ ವಾಯವ್ಯ ಮೂಲೆಯಲ್ಲಿದ್ದ ಒಂದು ಜಮೀನಿನ ಹೆಸರು. ಆ ಜಮೀನಿನ ಒಡೆಯನಾಗಿದ್ದ ಸರ್ ತಾಮಸ್ ಡಂಕೂಮ್ ಲವ್ ಜೋನ್ಸ್-ಪ್ಯಾರಿ (೧೮೩೨-೧೮೯೧) ಎಂಬಾತನು ಎರಡು ಅವಧಿಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನಾಗಿದ್ದನು. ಅವನು ಎಂದೂ ಮಂತ್ರಿಯಾಗಲಿಲ್ಲ. ಹೆಸರಾಂತ ಕಾನೂನು ಯಾವುದೂ ಅವನ ಹೆಸರಿನೊಡನೆ ಸೇರಿಕೊಂಡಿಲ್ಲ. ಬ್ರಿಟನ್ನಿನ ಸಾಮಾನ್ಯ ಚರಿತ್ರೆಗಳನ್ನು ಓದಿದವರಲ್ಲಿಯೂ ಅವನನ್ನು ಬಲ್ಲವರು ವಿರಳ.

ಇಂತಹ ಒಬ್ಬನ ಜೀವನವನ್ನು ವಿವರಿಸುವುದರಿಂದ ಪ್ರಯೋಜನವೇನು ಎಂಬ ಪ್ರಶ್ನೆ ನ್ಯಾಯವಾದುದೇ. ನಮ್ಮ ಉತ್ತರ ಇಷ್ಟು: ಭೂಮಾಲೀಕರ ಆಳ್ವಿಕೆಯಿಂದ ಸಾಮಾನ್ಯಜನರ ಪ್ರಾತಿನಿಧ್ಯದ ಕಡೆಗೆ ವೇಲ್ಸ್ ನಡೆದು ಬಂದ ದಾರಿಯಲ್ಲಿ ಜೋನ್ಸ್-ಪ್ಯಾರಿಯು ಒಂದು ಮೆಟ್ಟಿಲಾಗಿದ್ದನು. ಮಹಾಪುರುಷರ ಚರಿತ್ರೆಯಲ್ಲಿ ಶಿಖರಗಳು ಕಾಣುತ್ತವೆ. ಜನರು ಒಂದೊಂದೇ ಹೆಜ್ಜೆಯಿಟ್ಟು ಹತ್ತಿದ ಮೆಟ್ಟಿಲುಗಳು ಇಂತಹ ಸಣ್ಣವರ ಚರಿತ್ರೆಯಲ್ಲಿ ಕಾಣುತ್ತವೆ. ಅವನ್ನು ಹತ್ತುವಾಗ ಕೀರ್ತಿಯು ಯಾರಿಗೆ ಸಂದಿತು, ಬೆಲೆಯನ್ನು ಯಾರು ತೆತ್ತರು ಎಂಬುದನ್ನೂ ಇದರೊಡನೆ ವಿಚಾರಿಸಬೇಕಾಗುತ್ತದೆ.

೧. ನಾಡು ಮತ್ತು ಅದರ ಒಡೆಯರು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವೇಲ್ಸಿನ ಗ್ರಾಮಪ್ರದೇಶವು ಎರಡು ಜನವರ್ಗಗಳಾಗಿ ಒಡೆದಿದ್ದಿತು. ಒಂದು ಕಡೆ, ನೆಲದ ಬಹುಭಾಗವನ್ನು ಕೈಯಲ್ಲಿಟ್ಟುಕೊಂಡಿದ್ದ ಕೆಲವು ಮನೆತನಗಳು. ಇವರು ಸಾಮಾನ್ಯವಾಗಿ ಆಂಗ್ಲಿಕನ್ ಚರ್ಚಿಗೆ ಸೇರಿದವರು. ಇಂಗ್ಲೆಂಡಿನ ಶಾಲೆಗಳಲ್ಲಿ ಓದಿ, ಇಂಗ್ಲಿಷ್ ಭಾಷೆಯಲ್ಲಿಯೇ ವ್ಯವಹರಿಸುತ್ತಿದ್ದವರು. ಇನ್ನೊಂದು ಕಡೆ, ಅವರ ನೆಲವನ್ನು ಗೇಣಿಗೆ ಉಳುತ್ತಿದ್ದ ಒಕ್ಕಲುಗಳು, ಕೂಲಿಕಾರರು, ಕಲ್ಲುಗಣಿಗಳ ಕೆಲಸಗಾರರು. ಇವರ ಮನೆಮಾತು ವೆಲ್ಷ್. ಇವರಲ್ಲಿ ಹೆಚ್ಚಿನವರು ಆಂಗ್ಲಿಕನ್ ಚರ್ಚನ್ನು ತೊರೆದು, ಮೆಥಡಿಸ್ಟ್, ಇಂಡಿಪೆಂಡೆಂಟ್, ಬ್ಯಾಪ್ಟಿಸ್ಟ್ ಮೊದಲಾದ ಪಂಥಗಳ ಪ್ರಾರ್ಥನಾಮಂದಿರಗಳಿಗೆ ಹೋಗುತ್ತಿದ್ದರು. ೧೮೪೭ರಲ್ಲಿ ಪ್ರಕಟವಾದ ಸರಕಾರಿ ವಿದ್ಯಾಭ್ಯಾಸ ವರದಿಯು ಈ ಜನರ ಭಾಷೆ, ಮತಾಚರಣೆ, ನಡತೆಗಳನ್ನೆಲ್ಲ ಹೀನಾಯವಾಗಿ ಚಿತ್ರಿಸಿತು. ವರದಿಯನ್ನು ಬರೆದ ಮೂವರು ಕಮಿಷನರುಗಳಿಗೆ ವೆಲ್ಷ್ ಭಾಷೆ ಬರುತ್ತಿರಲಿಲ್ಲ. ಆ ಅವಮಾನವು ವೇಲ್ಸಿನ ಜನರಲ್ಲಿ ರಾಜಕೀಯ ಜಾಗೃತಿಯನ್ನು ಉಂಟುಮಾಡಿದ ಕಾರಣಗಳಲ್ಲಿ ಮುಖ್ಯವಾದುದು.

ಆದರೆ ಜಾಗೃತಿಯುಂಟಾದ ಮಾತ್ರಕ್ಕೆ ಅಧಿಕಾರವು ಕೈಗೆ ಬರುವುದಿಲ್ಲ. ಪಾರ್ಲಿಮೆಂಟಿನ ಸದಸ್ಯರಿಗೆ ಆಗ ಸಂಬಳವಿರಲಿಲ್ಲ. ಅದು ಬಂದುದು ೧೯೧೧ರಲ್ಲಿ. ಆದುದರಿಂದ ಸ್ವಂತ ಸ್ವತ್ತಿನ ಆದಾಯವಿಲ್ಲದವನು ಲಂಡನ್ನಿನಲ್ಲಿ ನೆಲಸಿ ರಾಜಕಾರಣ ಮಾಡುವುದು ಅಸಾಧ್ಯಪ್ರಾಯವಾಗಿದ್ದಿತು. ಅಲ್ಲದೆ ಮತದಾನವು ಗುಪ್ತವಾಗಿರಲಿಲ್ಲ. ಮತದಾರನು ಅಧಿಕಾರಿಗಳ ಮುಂದೆ ನಿಂತು ತನಗೆ ಬೇಕಾದ ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗಿದ್ದಿತು. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ತನ್ನ ಒಕ್ಕಲು ಯಾರಿಗೆ ಮತ ಕೊಟ್ಟನೆಂಬುದು ಅಂದಿನ ಸಂಜೆಯೊಳಗೆ ಜಮೀನ್ದಾರನ ಕಿವಿಗೆ ಬೀಳುತ್ತಿದ್ದಿತು. ಗೇಣಿಯ ಕರಾರು ಬಹುಮಟ್ಟಿಗೆ ವರ್ಷದಿಂದ ವರ್ಷಕ್ಕೆ ನಡೆಯುತ್ತಿದ್ದುದರಿಂದ, ಒಕ್ಕಲನ್ನು ಬಿಡಿಸುವುದು ಒಡೆಯನಿಗೆ ಕಷ್ಟವಾಗಿರಲಿಲ್ಲ. ೧೮೫೯ರ ಚುನಾವಣೆಯ ತರುವಾಯ ಮೆರಿಯೊನೆತ್ ಸೀಮೆಯಲ್ಲಿ, ಒಡೆಯರ ಅಭ್ಯರ್ಥಿಯನ್ನು ಬೆಂಬಲಿಸಲಿಲ್ಲವೆಂಬ ಕಾರಣಕ್ಕೆ ಕೆಲವರು ತಮ್ಮ ಹೊಲಮನೆಗಳನ್ನು ಕಳೆದುಕೊಂಡರು. ಹಾಗೆ ನೆಲೆ ತಪ್ಪಿದವರಲ್ಲಿ ಬಾಲಾ ಪಟ್ಟಣದ ಧರ್ಮಶಾಸ್ತ್ರ ವಿದ್ಯಾಲಯದ ಮುಖ್ಯಸ್ಥನಾದ ಮೈಕೇಲ್ ಡಿ. ಜೋನ್ಸನ ತಾಯಿಯೂ ಒಬ್ಬಳು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಇದರಿಂದ ಸಂಬಂಧವಿದೆ.

೨. ಮನೆತನ ಮತ್ತು ಬಾಲ್ಯ

ವೇಲ್ಸಿನ ವಾಯವ್ಯದಲ್ಲಿ ಸಮುದ್ರದೊಳಕ್ಕೆ ತೋಳಿನಂತೆ ಚಾಚಿಕೊಂಡಿರುವ ಪರ್ಯಾಯದ್ವೀಪಕ್ಕೆ ಲೀನ್ ಎಂದು ಹೆಸರು. ಅದರ ನಡುವೆ ಗಾರ್ನ್ ವಾಡ್ರಿನ್ ಎಂಬ ಬೆಟ್ಟವಿದೆ. ಅದರ ನೆತ್ತಿಯ ಮೇಲೆ ಪ್ರಾಚೀನವಾದ ಕಲ್ಲುಕೋಟೆಯ ಅವಶೇಷಗಳಿವೆ. ಈ ಬೆಟ್ಟದ ಸಮೀಪದ ಮ್ಯಾಡ್ರಿನ್ ಜಮೀನು ಜೋನ್ಸ್-ಪ್ಯಾರಿ ಮನೆತನದ ನೆಲೆ. ನಮ್ಮ ಲೇಖನದ ನಾಯಕನು ೧೮೩೨ರ ಜನವರಿಯಲ್ಲಿ ಜನಿಸಿದನು. ಅವನ ತಂದೆ ಸರ್ ಲವ್ ಪ್ಯಾರಿ ಜೋನ್ಸ್-ಪ್ಯಾರಿಯು ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಗೇರಿದವನು. ೧೮೩೫ರಿಂದ ೧೮೩೭ರ ವರೆಗೆ ಕಾರ್ನಾರ್ವನ್ ಪಟ್ಟಣಗಳ ಕ್ಷೇತ್ರವನ್ನು ಪಾರ್ಲಿಮೆಂಟಿನಲ್ಲಿ ಪ್ರತಿನಿಧಿಸಿದ್ದವನು. ಮಗನು ರಗ್ಬಿ ಶಾಲೆಯಲ್ಲಿಯೂ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗಮಾಡಿದನು. ೧೮೫೩ರಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತೊಂದು ವಯಸ್ಸಿನ ತರುಣನಿಗೆ ಜಮೀನಿನ ಒಡೆತನ ಬಂದಿತು. ಮರುವರ್ಷವೇ ಅವನು ಕಾರ್ನಾರ್ವನ್‌ಷೈರ್ ಸೀಮೆಯ ಷೆರಿಫನಾಗಿ ನೇಮಕಗೊಂಡನು.

ಇಲ್ಲಿಯ ವರೆಗೆ ಅವನ ಬದುಕಿನಲ್ಲಿ ವಿಶೇಷವೇನೂ ಇಲ್ಲ. ಶಾಲೆ, ವಿಶ್ವವಿದ್ಯಾನಿಲಯ, ಜಮೀನು, ಷೆರಿಫನ ಹುದ್ದೆ, ಕೊನೆಗೆ ಪಾರ್ಲಿಮೆಂಟು ಎಂಬುದು ಅವನ ವರ್ಗದವರಿಗೆಲ್ಲ ತಲೆಮಾರುಗಳಿಂದ ಹಾಕಿಟ್ಟ ರಾಜಮಾರ್ಗ. ಅವನು ಅದರಿಂದ ಪಕ್ಕಕ್ಕೆ ಹೆಜ್ಜೆಯಿಟ್ಟುದು ೧೮೬೨ರಲ್ಲಿ.

೩. ಪೆಟಗೋನಿಯ ಪ್ರಯಾಣ

ಮೇಲೆ ಹೇಳಿದ ಮೈಕೇಲ್ ಡಿ. ಜೋನ್ಸನು ವೆಲ್ಷ್ ಜನರ ವಲಸೆಯ ವಿಷಯವಾಗಿ ಬಹುಕಾಲ ಯೋಚಿಸಿದ್ದನು. ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋದ ವೆಲ್ಷರು ಒಂದೆರಡು ತಲೆಮಾರುಗಳಲ್ಲಿಯೇ ಭಾಷೆಯನ್ನು ಮರೆತು ಇತರರೊಡನೆ ಬೆರೆತುಹೋಗುವುದನ್ನು ಅವನು ಕಂಡಿದ್ದನು. ಜಮೀನ್ದಾರನ ಕಾಟವಿಲ್ಲದ, ವೆಲ್ಷ್ ಭಾಷೆಯೇ ಶಾಲೆಯಲ್ಲಿಯೂ ನ್ಯಾಯಾಲಯದಲ್ಲಿಯೂ ನಡೆಯುವ ಒಂದು ಹೊಸ ನಾಡನ್ನು ಬೇರೆಯವರ ವಸತಿಯಿಂದ ದೂರದಲ್ಲಿ ಕಟ್ಟಬೇಕೆಂಬುದು ಅವನ ಸಂಕಲ್ಪ. ಅದಕ್ಕಾಗಿ ಗೊತ್ತುಮಾಡಿದ ಸ್ಥಳ ಅರ್ಜೆಂಟೀನಾದ ದಕ್ಷಿಣದಲ್ಲಿರುವ ಪೆಟಗೋನಿಯ.

ಸ್ಥಳವನ್ನು ಕಣ್ಣಾರೆ ನೋಡಿ ಬರಲು ಇಬ್ಬರನ್ನು ಕಳುಹಿಸಲಾಯಿತು. ಒಬ್ಬನು ಕಾರ್ನಾರ್ವನ್ ಪಟ್ಟಣದಲ್ಲಿ ಹುಟ್ಟಿದ ಮುದ್ರಕ ಲೂಯಿಸ್ ಜೋನ್ಸ್. ಇನ್ನೊಬ್ಬನು ಮ್ಯಾಡ್ರಿನ್ನಿನ ಜಮೀನ್ದಾರ. ಜಮೀನ್ದಾರರ ದರ್ಪದಿಂದ ಪಾರಾಗಲೆಂದು ಹೊರಟ ಆಂದೋಲನವು ಒಬ್ಬ ಜಮೀನ್ದಾರನನ್ನೇ ದೂತನಾಗಿ ಆರಿಸಿಕೊಂಡುದು ವಿಚಿತ್ರವೆನಿಸಬಹುದು. ಆದರೆ ಇದರಲ್ಲಿಯೇ ಆ ಕಾಲದ ಸ್ವಭಾವವು ಅಡಗಿದೆ. ಒಂದು ವಿದೇಶೀ ಸರಕಾರದ ಮಂತ್ರಿಗಳ ಮುಂದೆ ಕುಳಿತು ಮಾತನಾಡಬೇಕಾದರೆ ಮನೆತನ, ಹಣ, ಅಂತಸ್ತು ಇದ್ದವನ ನೆರವು ಬೇಕಾಗಿದ್ದಿತು. ವ್ಯವಸ್ಥೆಯನ್ನು ಮುರಿಯಲು ಹೊರಟವರಿಗೂ ಮೊದಮೊದಲು ಆ ವ್ಯವಸ್ಥೆಯ ಮುದ್ರೆಯೇ ಬೇಕಾಗುತ್ತದೆ.

ದೂತರಿಬ್ಬರೂ ಅರ್ಜೆಂಟೀನಾದ ಗೃಹಮಂತ್ರಿ ಗಿಯೆರ್ಮೊ ರಾಸನ್ನನೊಡನೆ ಮಾತುಕತೆ ನಡೆಸಿದರು; ೧೮೬೩ರ ಆದಿಭಾಗದಲ್ಲಿ ಒಂದು ಚಿಕ್ಕ ಹಾಯಿಹಡಗಿನಲ್ಲಿ ದಕ್ಷಿಣದ ತೀರವನ್ನು ಸಂದರ್ಶಿಸಿದರು. ಅವರು ತಂಗಿದ ಕೊಲ್ಲಿಗೆ ಪೋರ್ತ್ ಮ್ಯಾಡ್ರಿನ್ ಎಂದು ಹೆಸರಿಟ್ಟರು. ವೆಲ್ಷ್ ಭಾಷೆಯಲ್ಲಿ ಪೋರ್ತ್ ಎಂದರೂ ರೇವೇ. ವಲಸೆಯ ಬಗೆಗೆ ರಾಸನ್ನನೊಡನೆ ಆದ ಒಪ್ಪಂದಕ್ಕೆ ಅರ್ಜೆಂಟೀನಾದ ಕಾಂಗ್ರೆಸ್ ಸಮ್ಮತಿ ಕೊಡಲಿಲ್ಲ. ಆದರೂ ದೂತರು ತಂದ ವರದಿ ಉತ್ಸಾಹದಾಯಕವಾಗಿದ್ದಿತು. ಅದನ್ನು ನಂಬಿ ಸುಮಾರು ೧೫೦ ಮಂದಿ ವೆಲ್ಷರು ೧೮೬೫ರ ಮೇ ತಿಂಗಳಲ್ಲಿ ಲಿವರ್‌ಪೂಲಿನಿಂದ ಮಿಮೋಸಾ ಎಂಬ ಹಡಗನ್ನೇರಿ, ಜುಲೈ ೨೮ರಂದು ಆ ತೀರದಲ್ಲಿ ಇಳಿದರು.

ಇಳಿದವರಿಗೆ ಕಂಡುದು ವರದಿಯ ನಾಡಲ್ಲ. ದಕ್ಷಿಣಗೋಲಾರ್ಧದಲ್ಲಿ ಅದು ಚಳಿಗಾಲ; ತೀರದಲ್ಲಿ ಕುಡಿಯುವ ನೀರಿಗೂ ಬರ; ಹಸಿರಿಲ್ಲದ ಬಯಲಿನ ಆಚೆ ಸುಮಾರು ೪೦ ಮೈಲಿ ದೂರದಲ್ಲಿ ಚುಬುಟ್ ನದಿಯ ಕಣಿವೆ. ಮಳೆಯು ಸಮೃದ್ಧವಾಗಿದ್ದ ವೇಲ್ಸಿನಿಂದ ಬಂದ ಈ ಜನಕ್ಕೆ ಒಣನೆಲದ ಬೇಸಾಯ ತಿಳಿಯದು. ಮೊದಲ ಬೆಳೆಗಳು ಕೈಕೊಟ್ಟವು. ಸರಕಾರದ ಸಹಾಯದಿಂದಲೂ, ಆ ಸೀಮೆಯ ಮೂಲನಿವಾಸಿಗಳಾದ ತೆವೆಲ್ಚೆ ಜನರೊಡನೆ ನಡೆದ ವಿನಿಮಯದಿಂದಲೂ, ಅವರಿಂದ ಕಲಿತ ಬೇಟೆಯಿಂದಲೂ ವಲಸೆಗಾರರು ಉಸಿರು ಹಿಡಿದುಕೊಂಡರು. ೧೮೬೭ರಲ್ಲಿ ನೆಲೆಯನ್ನೇ ಬಿಟ್ಟು ಹೋಗುವ ಆಲೋಚನೆ ನಡೆಯಿತು. ಅದೇ ವರ್ಷದ ಕೊನೆಯಲ್ಲಿ, ಉಕ್ಕಿದ ನದಿಯಿಂದ ಕಾಲುವೆ ತೆಗೆದು ಹೊಲಕ್ಕೆ ನೀರು ಹಾಯಿಸಬಹುದೆಂಬುದು ಗೊತ್ತಾಯಿತು. ಅಲ್ಲಿಂದ ಮುಂದೆ ಕಣಿವೆಯಲ್ಲಿ ಗೋಧಿ ಬೆಳೆಯಿತು, ವಸತಿಯು ಬೇರೂರಿತು.

ವರದಿಯ ಅತಿಶಯಕ್ಕೆ ಜೋನ್ಸ್-ಪ್ಯಾರಿಯೊಬ್ಬನನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ಅವರು ಆ ತೀರದಲ್ಲಿ ಕಳೆದ ಕಾಲ ಅತ್ಯಲ್ಪ. ಅಷ್ಟರಿಂದ ಒಂದು ನೆಲದ ಮಳೆಬೆಳೆಯನ್ನು ಅಳೆಯುವುದು ಯಾರಿಗಾದರೂ ಕಷ್ಟವೇ. ಆದರೆ ಇಬ್ಬರು ದೂತರ ಮುಂದಿನ ದಾರಿಗಳನ್ನು ಹೋಲಿಸುವುದು ತಪ್ಪಾಗದು. ಮುದ್ರಕನಾದ ಲೂಯಿಸ್ ಜೋನ್ಸನು ವಲಸೆಗಾರರಿಗಿಂತ ಮುಂಚೆಯೇ ಅಲ್ಲಿಗೆ ಹೋಗಿ, ಅವರ ನಿಂದೆಯನ್ನೂ ಕೇಳಿ, ಒಮ್ಮೆ ಅವರನ್ನು ಬಿಟ್ಟುಹೋಗಿ, ಮತ್ತೆ ಬಂದು, ತನ್ನ ಆಯುಷ್ಯವನ್ನು ಆ ನೆಲದಲ್ಲಿಯೇ ಸವೆಸಿ ೧೯೦೪ರಲ್ಲಿ ಮಡಿದನು. ಟ್ರೆಲೆವ್ ಎಂಬ ಪಟ್ಟಣವು ಅವನ ಹೆಸರಿನಿಂದ ಹುಟ್ಟಿದುದು. ಮೈಕೇಲ್ ಡಿ. ಜೋನ್ಸನು ಹೆಂಡತಿಯ ಆಸ್ತಿಯನ್ನೂ ಈ ಸಾಹಸಕ್ಕೆ ಸುರಿದು ಸಾಲಗಾರನಾದನು. ಜಮೀನ್ದಾರನು ತನ್ನ ಜಮೀನಿಗೆ ಹಿಂತಿರುಗಿ ವೇಲ್ಸಿನ ರಾಜಕಾರಣದಲ್ಲಿ ತೊಡಗಿದನು.

೪. ೧೮೬೮ರ ಚುನಾವಣೆ

೧೮೬೭ರ ಸುಧಾರಣಾ ಕಾಯಿದೆಯಿಂದ ಮತದಾರರ ಸಂಖ್ಯೆ ಹೆಚ್ಚಿತು. ಮರುವರ್ಷದ ಮಹಾಚುನಾವಣೆಯಲ್ಲಿ ಕಾರ್ನಾರ್ವನ್‌ಷೈರ್ ಕ್ಷೇತ್ರಕ್ಕೆ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಜೋನ್ಸ್-ಪ್ಯಾರಿಯು ನಿಂತನು. ಎದುರಾಳಿ ಜಾರ್ಜ್ ಡಗ್ಲಸ್-ಪೆನ್ನಂಟ್, ಪೆನ್ರಿನ್ ಪ್ರಭುವಿನ ಮಗ. ಪೆನ್ರಿನ್ ಮನೆತನದ ಬಲವು ಸಾಮಾನ್ಯವಾದುದಲ್ಲ. ಜಮೈಕಾ ದ್ವೀಪದಲ್ಲಿ ಗುಲಾಮರಿಂದ ದುಡಿಸಿದ ಸಕ್ಕರೆಯ ತೋಟಗಳ ಹಣ ಅದರ ಹಿಂದೆ ಇದ್ದಿತು. ಬೆತೆಸ್ಡದಲ್ಲಿದ್ದ ಸ್ಲೇಟುಕಲ್ಲಿನ ಮಹಾಗಣಿಯು ಅದರ ಸ್ವತ್ತು. ೧೮೪೧ರಿಂದ ೧೮೬೬ರ ವರೆಗೆ ತಂದೆಯೂ ಆಮೇಲೆ ಮಗನೂ ಈ ಕ್ಷೇತ್ರವನ್ನು ಪ್ರತಿನಿಧಿಸುತ್ತ ಬಂದಿದ್ದರು. ಮತಕ್ಷೇತ್ರವೆಂಬುದು ಆ ಮನೆತನಕ್ಕೆ ಪಿತ್ರಾರ್ಜಿತ ಸ್ವತ್ತಿನಂತೆ ಆಗಿಹೋಗಿದ್ದಿತು.

ಆ ಸ್ವತ್ತು ೧೮೬೮ರಲ್ಲಿ ಕೈಬಿಟ್ಟಿತು. ಅಂತರವು ಇನ್ನೂರು ಮತಗಳನ್ನು ಮುಟ್ಟಲಿಲ್ಲ. ಆದರೆ ಗೆದ್ದವನು ಜೋನ್ಸ್-ಪ್ಯಾರಿ. ಮತದಾರರು ತಮ್ಮ ಒಡೆಯರ ಕಣ್ಣೆದುರಿನಲ್ಲಿ ಬಾಯಿಬಿಟ್ಟು ಹೆಸರು ಹೇಳಬೇಕಾಗಿದ್ದ ಚುನಾವಣೆಯಿದು ಎಂಬುದನ್ನು ನೆನೆದಾಗ ಈ ಗೆಲವಿನ ಮಹತ್ತ್ವ ಗೊತ್ತಾಗುತ್ತದೆ. ಅದೇ ಚುನಾವಣೆಯಲ್ಲಿ ಮರ್ಥರ್ ಕ್ಷೇತ್ರದಿಂದ, ಆಂಗ್ಲಿಕನ್ ಚರ್ಚಿಗೆ ಸೇರದ ಧರ್ಮೋಪದೇಶಕನಾಗಿದ್ದ ಹೆನ್ರಿ ರಿಚರ್ಡನು ಆಯ್ಕೆಯಾದನು. ೧೮೬೮ನ್ನು ವೇಲ್ಸಿನ ಚರಿತ್ರಕಾರರು ಒಂದು ಯುಗಾದಿಯೆಂಬಂತೆ ಎಣಿಸುವುದು ಇದರಿಂದಲೇ.

ಕಾರ್ನಾರ್ವನ್‌ಷೈರಿನಲ್ಲಿ ಜನರು ಆರಿಸಿದುದು ತಮ್ಮಲ್ಲಿಯ ಒಬ್ಬನನ್ನಲ್ಲ. ದೊಡ್ಡ ಜಮೀನ್ದಾರನ ಬದಲಿಗೆ ಅವನಿಗಿಂತ ಸಣ್ಣ ಜಮೀನ್ದಾರನನ್ನು ಆರಿಸಿದರು. ಹೀಗಾದುದು ಏಕೆ? ಆಗ ಕಣಕ್ಕಿಳಿಯಲು ಶಕ್ತಿಯಿದ್ದವರು ಆ ವರ್ಗದವರು ಮಾತ್ರ. ಒಕ್ಕಲುಗಳ ಕೈಯಲ್ಲಿದ್ದುದು ಒಡೆಯರ ನಡುವೆ ಆಯ್ದುಕೊಳ್ಳುವ ಸ್ವಾತಂತ್ರ್ಯವೊಂದೇ. ಅದನ್ನು ಅವರು ಪೂರ್ಣವಾಗಿ ಬಳಸಿಕೊಂಡರು. ಒಡೆಯನಿಗೆ ವಿರುದ್ಧವಾಗಿ ಮತ ಹಾಕುವುದು ಸಾಧ್ಯವೆಂದು ಒಮ್ಮೆ ಕಂಡುಬಂದ ಮೇಲೆ, ಒಡೆಯನೇ ಏಕೆ ಬೇಕು ಎಂಬ ಪ್ರಶ್ನೆ ಹುಟ್ಟದೆ ಇರಲಾರದು. ಜೋನ್ಸ್-ಪ್ಯಾರಿಯ ಗೆಲವಿನೊಳಗೆ ಅವನ ವರ್ಗದ ಸೋಲು ಬೀಜರೂಪವಾಗಿ ಇದ್ದಿತು.

ಈ ಸ್ವಾತಂತ್ರ್ಯಕ್ಕೆ ಬೆಲೆ ತೆತ್ತವರು ಬೇರೆ. ಚುನಾವಣೆಯ ತರುವಾಯ ವೇಲ್ಸಿನ ಹಲವೆಡೆ, ವಿಶೇಷವಾಗಿ ಕಾರ್ಡಿಗನ್ ಮತ್ತು ಕಾರ್ಮಾರ್ಥನ್ ಸೀಮೆಗಳಲ್ಲಿ, ಲಿಬರಲರಿಗೆ ಮತ ಕೊಟ್ಟ ಒಕ್ಕಲುಗಳು ಹೊಲಗಳಿಂದ ಹೊರಗಾದರು. ಹೆನ್ರಿ ರಿಚರ್ಡನು ೧೮೬೯ರಲ್ಲಿ ಈ ಅನ್ಯಾಯವನ್ನು ಪಾರ್ಲಿಮೆಂಟಿನ ಮುಂದಿಟ್ಟನು. ಹಾರ್ಟಿಂಗ್ಟನ್ ಪ್ರಭುವಿನ ಅಧ್ಯಕ್ಷತೆಯ ಸಮಿತಿಯು ಸಾಕ್ಷ್ಯಗಳನ್ನು ಕೇಳಿತು. ನೆಲೆ ತಪ್ಪಿದವರಿಗಾಗಿ ನಿಧಿಯೊಂದನ್ನು ಕೂಡಿಸಲಾಯಿತು. ಇವೆಲ್ಲದರ ಪರಿಣಾಮಗಳಲ್ಲಿ ಒಂದು, ೧೮೭೨ರ ಗುಪ್ತಮತದಾನದ ಕಾಯಿದೆ.

೫. ಸೋಲು, ಮರುಪ್ರವೇಶ, ಅಂತ್ಯ

ಗುಪ್ತಮತದಾನವು ಬಂದ ಮೇಲೆ ನಡೆದ ಮೊದಲನೆಯ ಮಹಾಚುನಾವಣೆ ೧೮೭೪ರದು. ಅದರಲ್ಲಿ ಜೋನ್ಸ್-ಪ್ಯಾರಿಯು ಸೋತನು; ಗೆದ್ದವನು ಅದೇ ಡಗ್ಲಸ್-ಪೆನ್ನಂಟ್. ಬಹಿರಂಗವಾಗಿ ಗೆಲ್ಲಿಸಿದ ಜನರು ಗುಪ್ತವಾಗಿ ಸೋಲಿಸಿದರೆ? ಇದನ್ನು ಎರಡು ರೀತಿಯಲ್ಲಿ ವಿವರಿಸಬಹುದು. ಆ ವರ್ಷ ಬ್ರಿಟನ್ನಿನಲ್ಲೆಲ್ಲ ಗಾಳಿಯು ಡಿಸ್ರೇಲಿಯ ಕನ್ಸರ್ವೇಟಿವ್ ಪಕ್ಷದ ಕಡೆಗೆ ಬೀಸಿದ್ದಿತು. ಅಲ್ಲದೆ, ಬಹಿರಂಗ ಮತದಾನದಲ್ಲಿ ಒಡೆಯನ ಕಣ್ಣಿದ್ದಂತೆ ನೆರೆಹೊರೆಯವರ ಮತ್ತು ಪ್ರಾರ್ಥನಾಮಂದಿರದ ಕಣ್ಣೂ ಇರುತ್ತಿದ್ದಿತು. ಗುಪ್ತತೆಯು ಮತದಾರನನ್ನು ಈ ಎರಡರಿಂದಲೂ ಬಿಡಿಸಿತು ಎಂದು ನಾವು ಊಹಿಸಬಹುದು. ಏನೇ ಆಗಲಿ, ಮತದ ಸ್ವಾತಂತ್ರ್ಯವು ಅದಕ್ಕಾಗಿ ನಿಂತವನ ಗೆಲವಿಗೆ ಭರವಸೆಯಾಗದು ಎಂಬುದನ್ನು ಈ ಫಲಿತಾಂಶವು ತೋರಿಸುತ್ತದೆ.

ಎಂಟು ವರ್ಷಗಳ ಮೇಲೆ, ೧೮೮೨ರ ಮರುಚುನಾವಣೆಯಲ್ಲಿ, ತಂದೆಯು ಒಮ್ಮೆ ಪ್ರತಿನಿಧಿಸಿದ್ದ ಕಾರ್ನಾರ್ವನ್ ಪಟ್ಟಣಗಳ ಕ್ಷೇತ್ರದಿಂದ ಅವನು ಮತ್ತೆ ಆಯ್ಕೆಯಾದನು. ಕಾರ್ನಾರ್ವನ್, ಬ್ಯಾಂಗರ್, ಕಾನ್ವೆ, ಕ್ರಿಕಿಯೆತ್, ನೆವಿನ್, ಪುಲ್ಹೆಲಿ ಎಂಬ ಆರು ಪಟ್ಟಣಗಳನ್ನು ಒಟ್ಟುಗೂಡಿಸಿದ ಕ್ಷೇತ್ರವದು. ೧೮೮೫ರಲ್ಲಿ ಅಲ್ಲಿ ಮತ್ತೊಮ್ಮೆ ಗೆದ್ದನು. ಮರುವರ್ಷ ಐರ್ಲೆಂಡಿನ ಸ್ವಯಮಾಡಳಿತದ ಪ್ರಶ್ನೆಯಿಂದ ಲಿಬರಲ್ ಪಕ್ಷವು ಎರಡಾಗಿ ಒಡೆದಾಗ ನಡೆದ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಎಡ್ಮಂಡ್ ಸ್ವೆಟನಮ್ ಎಂಬಾತನು ಅವನನ್ನು ಸೋಲಿಸಿದನು. ಅದೇ ೧೮೮೬ರಲ್ಲಿ ಅವನಿಗೆ ಬ್ಯಾರೊನೆಟ್ ಬಿರುದು ದೊರೆಯಿತು. ಐದು ವರ್ಷಗಳ ತರುವಾಯ, ೧೮೯೧ರ ಡಿಸೆಂಬರಿನಲ್ಲಿ, ಅವನು ತೀರಿಕೊಂಡನು. ವಂಶಪಾರಂಪರ್ಯವಾಗಿ ಸಾಗಬೇಕಾಗಿದ್ದ ಆ ಬಿರುದು ವಾರಸುದಾರನಿಲ್ಲದೆ ಅವನೊಡನೆಯೇ ಮುಗಿಯಿತು.

೬. ಮೆಟ್ಟಿಲಿನ ಮುಂದಿನ ಮೆಟ್ಟಿಲು

ಅವನು ಸಾಯುವುದಕ್ಕೆ ಮುಂಚೆಯೇ ಅವನ ಕಾಲ ಮುಗಿದಿದ್ದಿತು. ೧೮೮೯ರಲ್ಲಿ ಸೀಮೆಗಳ ಆಡಳಿತಕ್ಕಾಗಿ ಚುನಾಯಿತ ಮಂಡಲಿಗಳು ಬಂದಾಗ ವೇಲ್ಸಿನಲ್ಲಿ ಜಮೀನ್ದಾರರ ಹಿಡಿತವು ಬಹುಮಟ್ಟಿಗೆ ಸಡಿಲವಾಯಿತು. ೧೮೯೦ರಲ್ಲಿ ಸ್ವೆಟನಮ್ ತೀರಿಕೊಂಡುದರಿಂದ ಕಾರ್ನಾರ್ವನ್ ಪಟ್ಟಣಗಳ ಕ್ಷೇತ್ರಕ್ಕೆ ಮರುಚುನಾವಣೆ ನಡೆಯಿತು. ಆಗ ಕೇವಲ ೧೮ ಮತಗಳ ಅಂತರದಿಂದ ಗೆದ್ದವನು ಇಪ್ಪತ್ತೇಳು ವಯಸ್ಸಿನ ಒಬ್ಬ ವಕೀಲ. ಶಾಲಾ ಉಪಾಧ್ಯಾಯನಾಗಿದ್ದ ತಂದೆಯನ್ನು ಶೈಶವದಲ್ಲಿಯೇ ಕಳೆದುಕೊಂಡು, ಲಾನಸ್ಟಿಮ್ಡ್ವಿ ಹಳ್ಳಿಯಲ್ಲಿ ಬೂಟು ಹೊಲಿಯುವ ಸೋದರಮಾವನ ಮನೆಯಲ್ಲಿ ಬೆಳೆದವನು. ಅವನ ಹೆಸರು ಡೇವಿಡ್ ಲಾಯ್ಡ್ ಜಾರ್ಜ್. ಅವನಿಗೆದುರಾಗಿ ನಿಂತು ಸೋತ ಎಲ್ಲಿಸ್ ನ್ಯಾನಿಯು ಆ ಹಳ್ಳಿಯ ಜಮೀನ್ದಾರನೇ. ೧೮೬೮ರಲ್ಲಿ ಐದು ವರ್ಷದ ಬಾಲಕನಾಗಿದ್ದ ಲಾಯ್ಡ್ ಜಾರ್ಜನು, ಆ ಚುನಾವಣೆಯ ತರುವಾಯ ತನ್ನ ನೆರೆಹೊರೆಯವರಿಗೆ ಒದಗಿದ ಸಂಕಟವನ್ನು ಮುಂದೆ ಭಾಷಣಗಳಲ್ಲಿ ನೆನೆಯುತ್ತಿದ್ದನು. ಜೋನ್ಸ್-ಪ್ಯಾರಿಯು ಕುಳಿತಿದ್ದ ಸ್ಥಾನದಲ್ಲಿ ಅವನು ೫೫ ವರ್ಷ ಕುಳಿತನು. ೧೯೧೬ರಿಂದ ೧೯೨೨ರ ವರೆಗೆ ಪ್ರಧಾನಮಂತ್ರಿಯಾಗಿದ್ದನು. ಪಾರ್ಲಿಮೆಂಟಿನ ಸದಸ್ಯರಿಗೆ ವರ್ಷಕ್ಕೆ ೪೦೦ ಪೌಂಡುಗಳ ವೇತನವನ್ನು ೧೯೧೧ರಲ್ಲಿ ಗೊತ್ತುಮಾಡಿದಾಗ ಅರ್ಥಮಂತ್ರಿಯಾಗಿದ್ದವನೂ ಅವನೇ. ಜಮೀನಿನ ಆದಾಯವಿಲ್ಲದವನಿಗೆ ಪಾರ್ಲಿಮೆಂಟಿನ ಬಾಗಿಲು ಮುಚ್ಚಿದ್ದ ಕಾಲವು ಹೀಗೆ ಕೊನೆಗಂಡಿತು.

ಈ ಬದಲಾವಣೆಯು ಎಲ್ಲೆಡೆಯೂ ಒಂದೇ ವೇಗದಲ್ಲಿ ನಡೆಯಲಿಲ್ಲ. ೧೮೬೮ರಲ್ಲಿ ಸೋತ ಡಗ್ಲಸ್-ಪೆನ್ನಂಟನು ೧೮೮೬ರಲ್ಲಿ ಎರಡನೆಯ ಪೆನ್ರಿನ್ ಪ್ರಭುವಾದನು. ೧೯೦೦ರಿಂದ ೧೯೦೩ರ ವರೆಗೆ ಅವನ ಗಣಿಯಲ್ಲಿ ನಡೆದ ಸುದೀರ್ಘ ಹೋರಾಟದಲ್ಲಿ ಕೆಲಸಗಾರರು ಸೋತರು. ಚುನಾವಣೆಯಲ್ಲಿ ಒಡೆಯನನ್ನು ಸೋಲಿಸಬಹುದಾಗಿದ್ದ ಜನರಿಗೆ ಗಣಿಯಲ್ಲಿ ಅವನನ್ನು ಮಣಿಸುವುದು ಸಾಧ್ಯವಾಗಲಿಲ್ಲ.

೭. ಉಪಸಂಹಾರ

ಜೋನ್ಸ್-ಪ್ಯಾರಿಯನ್ನು ಹೇಗೆ ಅಳೆಯಬೇಕು? ಅವನನ್ನು ಜನನಾಯಕನೆಂದು ಹೊಗಳುವುದು ಅತಿಶಯೋಕ್ತಿ; ತನ್ನ ವರ್ಗದ ಸವಲತ್ತುಗಳನ್ನು ಅವನು ಬಿಟ್ಟುಕೊಡಲಿಲ್ಲ. ಅವಕಾಶವಾದಿಯೆಂದು ತಳ್ಳಿಹಾಕುವುದೂ ಸರಿಯಲ್ಲ. ಸುಖವಾಗಿ ಮನೆಯಲ್ಲಿರಬಹುದಾಗಿದ್ದವನು ಒಬ್ಬ ಮುದ್ರಕನೊಡನೆ ಅಪರಿಚಿತ ಸಮುದ್ರದಲ್ಲಿ ಪ್ರಯಾಣಮಾಡಿದನು. ತನಗಿಂತ ಬಹುಪಾಲು ಬಲಿಷ್ಠವಾದ ಮನೆತನವನ್ನು ಎದುರಿಸಿ ನಿಂತನು. ಅವನು ನಿಲ್ಲದಿದ್ದರೆ ಆ ಸೀಮೆಯ ಜನರಿಗೆ ತಮ್ಮ ಮನಸ್ಸನ್ನು ಹೇಳಲು ಒಂದು ಹೆಸರೇ ಇರುತ್ತಿರಲಿಲ್ಲ. ಅವನ ಸೇವೆಯ ಪ್ರಮಾಣ ಇಷ್ಟು, ಇದು ಸಣ್ಣದಲ್ಲ.

ಕಾಲವು ಅವನಿಗೆ ಮಾಡಿದ ನ್ಯಾಯ ಮಾತ್ರ ವಿಲಕ್ಷಣವಾದುದು. ಲೀನಿನ ಮ್ಯಾಡ್ರಿನ್ ಭವನವು ಮುಂದೆ ವ್ಯವಸಾಯಶಾಲೆಯಾಗಿ, ೧೯೬೦ರ ದಶಕದಲ್ಲಿ ಬೆಂಕಿಗೆ ತುತ್ತಾಗಿ ಅಳಿಯಿತು. ಉಳಿದುದು ಹೆಬ್ಬಾಗಿಲಿನ ಕಟ್ಟಡ. ಅವನು ಅಲ್ಪಕಾಲ ಮಾತ್ರ ಕಂಡ ತೀರದಲ್ಲಿ ಅದೇ ಹೆಸರಿನ ನಗರವು ಬೆಳೆದು ನಿಂತಿದೆ; ಪ್ರತಿವರ್ಷ ಜುಲೈ ೨೮ರಂದು ಚುಬುಟ್ ಪ್ರಾಂತದಲ್ಲಿ ವಲಸೆಗಾರರು ಇಳಿದ ದಿನವನ್ನು ಆಚರಿಸುತ್ತಾರೆ. ಊರಿನ ಹೆಸರು ಒಬ್ಬನದನ್ನು ಮಾತ್ರ ಹೇಳುತ್ತದೆ. ಆ ನೆಲದಲ್ಲಿ ಮೊದಲಿನಿಂದ ಇದ್ದು, ೧೮೭೯ರಿಂದ ೧೮೮೫ರ ವರೆಗೆ ನಡೆದ ಸೇನಾಕಾರ್ಯಾಚರಣೆಗಳಲ್ಲಿ ಸ್ವಾತಂತ್ರ್ಯವನ್ನು ಕಳೆದುಕೊಂಡ ಮೂಲನಿವಾಸಿಗಳನ್ನು ಅದು ಹೇಳದು. ಒಣನೆಲದಲ್ಲಿ ಕಾಲುವೆ ತೋಡಿದವರನ್ನು ಹೇಳದು. ಕಾರ್ಡಿಗನ್ನಿನಲ್ಲಿ ಒಂದು ಮತಕ್ಕಾಗಿ ಹೊಲ ಬಿಟ್ಟು ಹೊರಟ ಒಕ್ಕಲುಗಳಿಗೆ ಯಾವ ಊರಿನ ಹೆಸರೂ ದೊರೆಯಲಿಲ್ಲ. ಅವರಲ್ಲಿ ಅನೇಕರು ಯಾರಿಗೆ ಮತ ಕೊಟ್ಟರೆಂಬುದು ಅಂದಿನ ಮತದಾನದ ಪುಸ್ತಕಗಳಲ್ಲಿ ದಾಖಲಾಗಿದೆ. ಒಡೆಯರು ಅವರನ್ನು ಗುರುತಿಸಿ ಶಿಕ್ಷಿಸಲು ಬಳಸಿದ ಬಗೆಯ ದಾಖಲೆಯೇ ಇಂದು ಅವರ ಧೈರ್ಯಕ್ಕೆ ಸಾಕ್ಷಿಯಾಗಿದೆ. ಸಣ್ಣ ರಾಜಕಾರಣಿಯ ಚರಿತ್ರೆಯನ್ನು ಬರೆಯಹೊರಟವರು ಆ ಪುಸ್ತಕಗಳನ್ನೂ ತೆರೆದು ನೋಡಬೇಕೆಂಬುದು ನಮ್ಮ ಅಭಿಪ್ರಾಯ.